ಹೂಂಗುಟ್ಟೋದು ಕಲಿಯೋಕೆ ಒಂದು ವರ್ಷ ಬೇಕಾಯ್ತು

ಕೋರ್ಸಿಗೆ ಸೇರಿದೆ ಅಂತ ಫೋನಿನಲ್ಲಿ ಹೇಳಿದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ, "ಅಲ್ಲೂ ಕೋಚಿಂಗ್ ಸೆಂಟರ್ ಇಡ್ತೀಯೇನೇ?"

ಅಮ್ಮನ ತಪ್ಪೇನಿಲ್ಲ. ತಿಪಟೂರಿನ ಬಸ್ ಸ್ಟ್ಯಾಂಡಿನಿಂದ ಮನೆಗೆ ನಡೆದು ಬರುವಷ್ಟರಲ್ಲಿ ನೀಟ್ ಕೋಚಿಂಗ್, ಸಿಇಟಿ ಕೋಚಿಂಗ್, ನವೋದಯ ಕೋಚಿಂಗ್ ಅಂತ ಸಾಲು ಬೋರ್ಡು. ನಮ್ಮ ಕಡೆ ಕೋಚಿಂಗ್ ಅಂದರೆ ಮಕ್ಕಳ ತಲೆಗೆ ತುರುಕುವುದು, ಅಷ್ಟೇ. ಮೇಷ್ಟ್ರುಗಳಿಗೇ ಕೋಚಿಂಗ್, ಅದನ್ನು ಕಲಿಸೋಕೆ ಯೂನಿವರ್ಸಿಟಿಯಲ್ಲಿ ಒಂದು ಪಿಜಿ ಕೋರ್ಸು ಅಂದರೆ ಯಾರು ತಾನೇ ನಂಬ್ತಾರೆ.

ನಾನು ಕೆಲಸ ಮಾಡೋದು ಇಂಗ್ಲೆಂಡಿನ ರೆಡಿಂಗ್ ಹತ್ತಿರದ ಒಂದು ಶಾಲೆಯಲ್ಲಿ. (ಸ್ಪೆಲಿಂಗ್ ನೋಡಿ 'ರೀಡಿಂಗ್' ಅಂತ ಟಿಕೆಟ್ ಕೇಳಿ ನಗೆಪಾಟಲಾದವರಲ್ಲಿ ನಾನೂ ಒಬ್ಬಳು.) 11ರಿಂದ 16 ವರ್ಷದ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಮದುವೆಯಾಗಿ ಬಂದೆ, ಮೇಷ್ಟ್ರಾಗೋಕೆ ಇಲ್ಲಿ ಮಾಡುವ ತರಬೇತಿ ಕೋರ್ಸು ಪಿಜಿಸಿಇ ಮಾಡಿಕೊಂಡೆ, ಕ್ಲಾಸಿಗೆ ನಿಂತೆ. ಒಂಬತ್ತು ವರ್ಷ ಯಾರ ತಂಟೆಗೂ ಹೋಗದೆ ಪಾಠ ಮಾಡಿಕೊಂಡಿದ್ದೆ.

2021ರ ಸೆಪ್ಟೆಂಬರಿನಲ್ಲಿ ಇಲ್ಲಿ ಹೊಸ ನಿಯಮ ಬಂತು. ಹೊಸದಾಗಿ ಕೆಲಸಕ್ಕೆ ಸೇರುವ ಮೇಷ್ಟ್ರಿಗೆ ಮೊದಲು ಒಂದು ವರ್ಷದ ಇಂಡಕ್ಷನ್, ಅಂದರೆ ಪಾಠ ಮಾಡುತ್ತಲೇ ಕಲಿತು ಪಾಸಾಗಬೇಕಾದ ಅವಧಿ, ಇತ್ತು, ಅದನ್ನು ಎರಡು ವರ್ಷ ಮಾಡಿದರು. ಮೊದಲ ವರ್ಷ ಶೇಕಡ 10ರಷ್ಟು ಪಾಠ ಕಡಿಮೆ, ಎರಡನೇ ವರ್ಷ ಶೇಕಡ 5ರಷ್ಟು. ಪ್ರತಿಯೊಬ್ಬರಿಗೂ ಒಬ್ಬ ಮೆಂಟರ್, ಅಂದರೆ ಕೈಹಿಡಿದು ನಡೆಸುವ ಹಳೆಯ ಮೇಷ್ಟ್ರು. ಮೊದಲ ವರ್ಷ ವಾರಕ್ಕೊಮ್ಮೆ ಇಬ್ಬರೂ ಕೂತು ಮಾತಾಡಬೇಕು. ನಮ್ಮ ಶಾಲೆಯಲ್ಲಿ ಮೆಂಟರ್ ಆರಿಸಿದ ವಿಧಾನ ಏನು ಗೊತ್ತಾ? ಕಾರಿಡಾರಿನಲ್ಲಿ ಎದುರಿಗೆ ಸಿಕ್ಕಿದ್ದು ನಾನು. "ನಿಮಗೆ ಅನುಭವ ಇದೆ, ಮನಸ್ಸೂ ಒಳ್ಳೇದು, ಮಾಡ್ತೀರಲ್ವಾ?" ಅಂದರು. ಹೊಗಳಿದರೆ ಇಲ್ಲ ಅನ್ನೋಕೆ ನನಗೆ ಇವತ್ತಿಗೂ ಬರಲ್ಲ.

ಮೊದಲ ವರ್ಷ ಒಬ್ಬ ಹುಡುಗಿಗೆ ಮೆಂಟರ್ ಆದೆ. ವಾರಕ್ಕೊಂದು ಗಂಟೆ ಅವಳನ್ನು ಕೂರಿಸಿಕೊಂಡು ನನಗೆ ಗೊತ್ತಿದ್ದ ಉಪಾಯವನ್ನೆಲ್ಲ ಧಾರೆ ಎರೆದೆ. ಯಾವ ಮಗುವನ್ನು ಎಲ್ಲಿ ಕೂರಿಸಬೇಕು, ಬಾಗಿಲಲ್ಲಿ ಹೇಗೆ ನಿಲ್ಲಬೇಕು, ಹೋಂವರ್ಕ್ ತಿದ್ದೋದನ್ನು ಹೇಗೆ ಬೇಗ ಮುಗಿಸಬೇಕು, ಎಲ್ಲ. ಅವಳು ಅಷ್ಟನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಫೆಬ್ರವರಿ ರಜೆ ಮುಗಿದ ಮೇಲೆ ಕೆಲಸ ಬಿಟ್ಟಳು. ಹೋಗುವ ದಿನ ನನಗೊಂದು ಕಾರ್ಡ್ ಕೊಟ್ಟಳು. "ನಿಮ್ಮ ಎಲ್ಲ ಸಲಹೆಗಳಿಗೆ ಧನ್ಯವಾದ" ಅಂತಿತ್ತು. ಮನೆಗೆ ಬಂದು ಆ ಕಾರ್ಡನ್ನು ಎಷ್ಟು ಸಲ ಓದಿದೆನೋ. ಅವಳು ಯಾಕೆ ಬಿಟ್ಟಳು ಅಂತ ನನಗೆ ಗೊತ್ತೇ ಇರಲಿಲ್ಲ. ಆರು ತಿಂಗಳು ವಾರವಾರವೂ ಎದುರಿಗೇ ಕೂತಿದ್ದವಳು!

ಅದಕ್ಕೇ ಸೇರಿದ್ದು. ಕೋರ್ಸಿನ ಹೆಸರು ಉದ್ದ ಇದೆ, ಚಿಕ್ಕದಾಗಿ ಹೇಳಿದರೆ ಶಿಕ್ಷಕರಿಗಾಗಿ ಮೆಂಟರಿಂಗ್ ಮತ್ತು ಕೋಚಿಂಗ್‌ನಲ್ಲಿ ಪಿಜಿ ಸರ್ಟಿಫಿಕೇಟ್. ಇಲ್ಲಿ ಪೂರ್ತಿ ಎಂಎ ಅಂದರೆ 180 ಕ್ರೆಡಿಟ್. ಇದು ಅದರಲ್ಲಿ ಮೂರನೇ ಒಂದು ಭಾಗ, 60 ಕ್ರೆಡಿಟ್. ಒಂದು ಕ್ರೆಡಿಟ್ಟಿಗೆ ಹತ್ತು ಗಂಟೆ ಓದು ಅಂತ ಲೆಕ್ಕ. ಅಂದರೆ 600 ಗಂಟೆ. ಅದನ್ನು ಓದಿದ ದಿನ ನಗು ಬಂತು, ನವೆಂಬರಿನಲ್ಲಿ ಬರಲಿಲ್ಲ. ತಲಾ 30 ಕ್ರೆಡಿಟ್ಟಿನ ಎರಡು ಮಾಡ್ಯೂಲ್, ಎರಡು ದೊಡ್ಡ ಅಸೈನ್‌ಮೆಂಟ್. ಗುರುವಾರ ಸಂಜೆ ಆನ್‌ಲೈನ್ ಕ್ಲಾಸು, ವರ್ಷದಲ್ಲಿ ಮೂರು ಶನಿವಾರ ಖುದ್ದಾಗಿ ಹೋಗಬೇಕು. ಫೀಸಿನಲ್ಲಿ ಅರ್ಧ ಶಾಲೆ ಕೊಟ್ಟಿತು, ಇನ್ನರ್ಧ ನಾವು ಬೇಸಿಗೆಯಲ್ಲಿ ಊರಿಗೆ ಹೋಗೋಕೆ ಅಂತ ಕೂಡಿಟ್ಟಿದ್ದರಲ್ಲಿ ಹೋಯಿತು. ಅಮ್ಮನಿಗೆ ಈ ವಿಷಯ ಇನ್ನೂ ಹೇಳಿಲ್ಲ.

ಮೊದಲ ಶನಿವಾರ. ಹದಿನಾಲ್ಕು ಜನ ಇದ್ದೆವು. ಪ್ರೈಮರಿ ಶಾಲೆಯ ಡೆಪ್ಯುಟಿ ಹೆಡ್, ನರ್ಸಿಂಗ್ ಕಾಲೇಜಿನ ಲೆಕ್ಚರರು, ಮತ್ತೊಂದು ಕಾಲೇಜಿನಲ್ಲಿ ಪ್ಲಂಬಿಂಗ್ ಕಲಿಸುವವರು, ಹೀಗೆ. ಟ್ಯೂಟರ್ ಹಿಂದೆ ಹೆಡ್‌ಮಿಸ್ ಆಗಿದ್ದವರು, ಅರವತ್ತರ ಆಸುಪಾಸು. ಪರಿಚಯ ಮುಗಿದ ಕೂಡಲೇ ಇಬ್ಬಿಬ್ಬರನ್ನು ಜೋಡಿ ಮಾಡಿ ಕೂರಿಸಿದರು. ಒಬ್ಬರು ಐದು ನಿಮಿಷ ತಮ್ಮ ಕೆಲಸದ ಒಂದು ತಲೆನೋವು ಹೇಳಬೇಕು, ಇನ್ನೊಬ್ಬರು ತುಟಿ ಬಿಚ್ಚಬಾರದು. ಪ್ರಶ್ನೆ ಕೂಡ ಕೇಳಬಾರದು. ಸುಮ್ನೆ ಕೂತು ಕೇಳಿಸಿಕೊಳ್ಳಬೇಕು.

ಇದೇನು ಮಹಾ ಅಂದುಕೊಂಡೆ. ನನ್ನ ಜೋಡಿ ಆ ಪ್ಲಂಬಿಂಗ್ ಮೇಷ್ಟ್ರು. ಅವರು ಹೇಳೋಕೆ ಶುರು ಮಾಡಿ ಎರಡು ನಿಮಿಷ ಆಗಿರಲಿಲ್ಲ, "ನಮ್ಮ ಶಾಲೆಯಲ್ಲೂ ಹೀಗೇ" ಅಂತ ನನ್ನ ಬಾಯಿ ತಾನಾಗೇ ತೆರೆದುಕೊಂಡಿತು. ಆ ಕಡೆ ಟೇಬಲ್ಲಿನಿಂದ ಟ್ಯೂಟರ್ ನೋಡಿ ನಕ್ಕರು. ಮೂರು ನಿಮಿಷಕ್ಕೆ ಮತ್ತೆ ಬಾಯಿ ಹಾಕಿದೆ. ನನ್ನ ಸರದಿ ಬಂದಾಗ ಆ ಮನುಷ್ಯ ಮಾತ್ರ ಮೊಣಕೈ ಮೇಜಿನ ಮೇಲಿಟ್ಟು, ಪೂರ್ತಿ ಐದು ನಿಮಿಷ, ಒಂದೇ ಸಮ ನನ್ನನ್ನೇ ನೋಡುತ್ತಾ ಕೂತರು. ನಾಲ್ಕನೇ ನಿಮಿಷದಲ್ಲಿ ನಾನು ಆ ಕಾರ್ಡಿನ ವಿಷಯ ಹೇಳಿಬಿಟ್ಟಿದ್ದೆ. ಹೇಳಬೇಕು ಅಂತ ಅಂದುಕೊಂಡೇ ಇರಲಿಲ್ಲ.

ಆಮೇಲೆ ಥಿಯರಿ ಶುರುವಾಯಿತು. ಇದರಲ್ಲಿ ಕೆಲವು ಮಜಾ ಇವೆ. ಮೆಂಟರ್ ಅನ್ನೋದು ಗ್ರೀಕರ ಒಡಿಸ್ಸಿಯಲ್ಲಿ ಬರುವ ಒಬ್ಬ ಮುದುಕನ ಹೆಸರು. ಯುದ್ಧಕ್ಕೆ ಹೋಗುವಾಗ ಒಡಿಸ್ಸಿಯಸ್ ಮನೆಮಠದ ಜವಾಬ್ದಾರಿ ಅವನಿಗೆ ಒಪ್ಪಿಸಿರುತ್ತಾನೆ. ಆದರೆ ಕಥೆಯಲ್ಲಿ ಮಗನಿಗೆ ನಿಜವಾಗಿ ದಾರಿ ತೋರಿಸೋದು ಆ ಮುದುಕನ ವೇಷ ಹಾಕಿಕೊಂಡು ಬಂದ ಅಥೀನಾ ದೇವತೆ. ಅಂದರೆ ಅಸಲಿ ಮೆಂಟರ್ ಏನೂ ಮಾಡಲಿಲ್ಲ! ಕೋಚ್ ಅನ್ನೋದು ಹಂಗೇರಿಯ ಕೋಚ್ ಅನ್ನುವ ಊರಿನಿಂದ ಬಂತು, ಅಲ್ಲಿ ಒಳ್ಳೆ ಗಾಡಿ ಕಟ್ಟುತ್ತಿದ್ದರಂತೆ. ನಮ್ಮ ರೈಲಿನ ಕೋಚೂ ಅದೇ, ಕ್ರಿಕೆಟ್ ಕೋಚೂ ಅದೇ. ಇನ್ನು ಎಲ್ಲ ಕಡೆ ಹೇಳಿಕೊಡುವ 'ಗ್ರೋ' ಮಾದರಿ ಇದೆಯಲ್ಲ, ಅದನ್ನು ಹೆಸರುವಾಸಿ ಮಾಡಿದ ಜಾನ್ ವಿಟ್ಮೋರ್ ಮೊದಲು ಕಾರ್ ರೇಸ್ ಓಡಿಸುತ್ತಿದ್ದವರು. ಅವರಿಗೆ ದಾರಿ ತೋರಿಸಿದ್ದು ಟಿಮೊಥಿ ಗಾಲ್ವೇ ಅನ್ನುವ ಟೆನಿಸ್ ಕಲಿಸುವವರ ವಿಚಾರಗಳು. ಶಾಲೆಯ ವಾಸನೆಯೇ ಇಲ್ಲದ ಜಾಗದಿಂದ ಬಂದದ್ದನ್ನು ನಾವೀಗ ಸ್ಟಾಫ್ ರೂಮಿನಲ್ಲಿ ಕೂತು ಮಾಡುತ್ತಿದ್ದೇವೆ.

ಗ್ರೋ ಅಂದರೆ ನಾಲ್ಕು ಮೆಟ್ಟಿಲು. ನಿನ್ನ ಗುರಿ ಏನು, ಈಗ ಎಲ್ಲಿದ್ದೀಯ, ಏನೇನು ದಾರಿ ಇದೆ, ಯಾವುದನ್ನು ಮಾಡ್ತೀಯ. ನನ್ನ ಕೇಳಿದರೆ ಇದು ರೆಡಿಮೇಡ್ ಉಪ್ಪಿಟ್ಟು ಮಿಕ್ಸ್ ಇದ್ದ ಹಾಗೆ. ಬಿಸಿನೀರು ಹಾಕಿದರೆ ಆಗುತ್ತೆ, ಹಸಿವು ತೀರುತ್ತೆ, ದಿನಾ ಅದನ್ನೇ ಮಾಡಿದರೆ ಎದುರಿಗೆ ಕೂತವರಿಗೆ ಗೊತ್ತಾಗಿಬಿಡುತ್ತೆ.

ನನಗೆ ನಾಟಿದ್ದು ಬೇರೆ. 2013ರಲ್ಲಿ ಹಾಬ್ಸನ್ ಮತ್ತು ಮಾಲ್ಡೆರೆಜ್ ಅನ್ನುವ ಇಬ್ಬರು 'ಜಡ್ಜ್‌ಮೆಂಟರಿಂಗ್' ಅಂತ ಒಂದು ಪದ ಕಟ್ಟಿದರು. ಸಹಾಯ ಮಾಡೋಕೆ ಬಂದವರು ಕೂತಲ್ಲೇ ತೀರ್ಪು ಕೊಡೋದು. ಇದು ಸರಿ, ಅದು ತಪ್ಪು, ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಹೊಸಬರು ಕಷ್ಟ ಬಚ್ಚಿಡೋಕೆ ಕಲಿಯೋದೇ ಇದರಿಂದ. ಇದನ್ನು ಓದುವಾಗ ಅಪ್ಪನ ನೆನಪಾಯಿತು. ಅಪ್ಪ ಹಳ್ಳಿ ಶಾಲೆಯ ಹೆಡ್‌ಮಾಸ್ಟರ್ ಆಗಿದ್ದವರು. ಇನ್ಸ್‌ಪೆಕ್ಟರು ತನಿಖೆಗೆ ಬರುವ ದಿನ ಮನೆಯಲ್ಲಿ ಬೆಳಿಗ್ಗೆಯಿಂದಲೇ ಯಾರೂ ಜೋರಾಗಿ ಮಾತಾಡುವ ಹಾಗಿರಲಿಲ್ಲ. ಜಾಣ ಮಕ್ಕಳನ್ನು ಮುಂದಿನ ಸಾಲಿಗೆ ಕರೆಸಿ, ಲೆಕ್ಕ ಬಾರದವರನ್ನು ಹಿಂದಕ್ಕೆ ಕೂರಿಸಿ, ಎಳನೀರು ಕೆತ್ತಿಸಿ ಇಡುತ್ತಿದ್ದರು. ವಿಸಿಟರ್ಸ್ ಬುಕ್ಕಿನಲ್ಲಿ 'ತೃಪ್ತಿಕರ' ಅಂತ ಬರೆದುಹೋದರೆ ಅಂದು ರಾತ್ರಿ ಪಾಯಸ. ಲೆಕ್ಕ ಬಾರದ ಮಕ್ಕಳ ಸಮಾಚಾರ ಆ ಪುಸ್ತಕಕ್ಕೆ ಯಾವತ್ತೂ ಹತ್ತಲಿಲ್ಲ.

ನಾನು ಆ ಹುಡುಗಿಗೆ ಇನ್ಸ್‌ಪೆಕ್ಟರೇ ಆಗಿದ್ದೆ. ಎಳನೀರು ಇರಲಿಲ್ಲ ಅಷ್ಟೇ.

ಇಂಗ್ಲೆಂಡಿನ ನಿಯಮದಲ್ಲಿ ಇದಕ್ಕೆ ಒಂದು ಬೇಲಿ ಇದೆ. ಮೆಂಟರ್ ಬೇರೆ, ಹೊಸಬರು ಪಾಸೋ ಫೇಲೋ ಅಂತ ಅಳೆಯುವ ಇಂಡಕ್ಷನ್ ಟ್ಯೂಟರ್ ಬೇರೆ ಇರಬೇಕು ಅಂತ. ಕಾಗದದಲ್ಲಿ ಚೆನ್ನಾಗಿದೆ. ನಮ್ಮಲ್ಲಿ ಆ ಇಬ್ಬರೂ ಮಧ್ಯಾಹ್ನ ಒಂದೇ ಮೈಕ್ರೋವೇವಿನ ಮುಂದೆ ಕ್ಯೂ ನಿಲ್ಲುತ್ತೇವೆ, ಹೊಸಬರು ಅದನ್ನು ನೋಡುತ್ತಾರೆ.

ಎರಡನೇ ವರ್ಷ ನನ್ನ ಪಾಲಿಗೆ ಬಂದವನು ಡ್ಯಾನ್. ಅಸೈನ್‌ಮೆಂಟಿಗೆ ಅಂತ ಇಟ್ಟ ಸುಳ್ಳು ಹೆಸರು ಅದು, ಇಲ್ಲೂ ಅದೇ ಇರಲಿ. ಇಪ್ಪತ್ಮೂರು ವರ್ಷ, ಕೆಮಿಸ್ಟ್ರಿ, ತುಂಬ ಎತ್ತರ, ಕೂತರೆ ಮೊಣಕಾಲು ಎಲ್ಲಿಡಬೇಕೋ ಗೊತ್ತಾಗದವನು. ಮೊದಲ ಮಾಡ್ಯೂಲಿನ ಕೆಲಸ ಏನೆಂದರೆ ಅವನ ಜೊತೆಗಿನ ಒಂದು ಭೇಟಿಯನ್ನು ರೆಕಾರ್ಡ್ ಮಾಡಿ, ಪದಪದವನ್ನೂ ಬರೆದು, ನನ್ನನ್ನು ನಾನೇ ವಿಮರ್ಶೆ ಮಾಡಬೇಕು.

ಅದಕ್ಕೂ ಮುಂಚೆ ಎಥಿಕ್ಸ್ ಫಾರಂ. ಬ್ರಿಟನ್ನಿನ ಶಿಕ್ಷಣ ಸಂಶೋಧನಾ ಸಂಘದ ನೀತಿ ನಿಯಮಗಳ ಪ್ರಕಾರ ತುಂಬಬೇಕು. ಹನ್ನೊಂದು ಪುಟ. ಇದು ಬರೀ ಫಾರ್ಮಾಲಿಟಿ ಅಂದುಕೊಂಡು ಭಾನುವಾರ ರಾತ್ರಿ ತುಂಬಿ ಕಳಿಸಿದೆ. ವಾಪಸ್ ಬಂತು. ಒಂದು ಪ್ರಶ್ನೆಯ ಕೆಳಗೆ ಗೆರೆ ಎಳೆದಿದ್ದರು: "ಅವನು ಒಪ್ಪದಿದ್ದರೆ ಏನಾಗುತ್ತದೆ?" ನಾನು ಬರೆದಿದ್ದು, "ಅವನು ಒಪ್ಪುತ್ತಾನೆ." ನಿಜವಾಗಿಯೂ ಅದನ್ನೇ ಬರೆದಿದ್ದೆ! ದೊಡ್ಡವರು ಕೇಳಿದರೆ ಚಿಕ್ಕವರು ಇಲ್ಲ ಅನ್ನೋದು ನಾನು ಬೆಳೆದ ಮನೆಯಲ್ಲಿ ಇರಲಿಲ್ಲ, ಹಾಗಾಗಿ ಆ ಪ್ರಶ್ನೆಯೇ ನನಗೆ ಅರ್ಥವಾಗಿರಲಿಲ್ಲ. ಎರಡನೇ ಸಲ ತಿದ್ದಿ ಕಳಿಸಿದರೆ ಫೋನಿನ ವಿಷಯಕ್ಕೆ ಮತ್ತೆ ವಾಪಸ್. ರೆಕಾರ್ಡಿಂಗನ್ನು ಎಲ್ಲಿ ಇಡ್ತೀರಿ, ಯಾವಾಗ ಅಳಿಸ್ತೀರಿ, ಬೇರೆ ಯಾರಿಗೆ ಸಿಗುತ್ತೆ. ಮೂರನೇ ಸಲ ಪಾಸಾಯಿತು. ಆ ಹೊತ್ತಿಗೆ ಡ್ಯಾನ್‌ಗೆ ಒಂದು ಕಾಗದ ಕೊಟ್ಟಿದ್ದೆ. ಒಪ್ಪಿಕೊಂಡ ಮೇಲೂ ಬೇಡ ಅನ್ನಿಸಿದರೆ ಕಾರಣ ಹೇಳದೆ ಹಿಂದೆ ಸರಿಯಬಹುದು ಅಂತ ಅದರಲ್ಲಿತ್ತು. ಅವನು ಎರಡು ದಿನ ಇಟ್ಟುಕೊಂಡು ಯೋಚನೆ ಮಾಡಿ ಸಹಿ ಹಾಕಿದ. ಆ ಎರಡು ದಿನ ನನಗೆ ಸ್ವಲ್ಪ ಕೋಪ ಬಂದಿದ್ದು ನಿಜ.

ಮೊದಲ ರೆಕಾರ್ಡಿಂಗ್ ಹಾಳಾಯಿತು. ಆರನೇ ನಿಮಿಷಕ್ಕೆ ಅಮ್ಮನ ವಾಟ್ಸಾಪ್ ಕರೆ ಬಂದು ನಿಂತುಹೋಗಿದೆ, ನಾನು ನೋಡಿಕೊಂಡಿಲ್ಲ. ಮುಂದಿನ ವಾರ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಕೂತೆ. 28 ನಿಮಿಷ. ಅವನು ವಾರದ ಕಷ್ಟ ಹೇಳಿದ. ಗುರುವಾರ ಐದನೇ ಪೀರಿಯಡ್, ಒಂಬತ್ತನೇ ಇಯರ್, ಮಾತು ಕೇಳಲ್ಲ. ನಾನು ಸೀಟಿಂಗ್ ಪ್ಲಾನ್ ಬಗ್ಗೆ ಹೇಳಿದೆ. ತುಂಬ ಒಳ್ಳೆ ಭೇಟಿ ಅನ್ನಿಸಿತು. ಖುಷಿಯಿಂದ ಮನೆಗೆ ಬಂದೆ.

28 ನಿಮಿಷ ಬರೆಯೋಕೆ ಎರಡು ಶನಿವಾರ ಬೇಕಾಯಿತು. ಐದು ಸೆಕೆಂಡ್ ಕೇಳು, ನಿಲ್ಲಿಸು, ಬರೆ, ಹಿಂದಕ್ಕೆ ಹೋಗು. ನನ್ನ ಧ್ವನಿ ನನಗೇ ಕರ್ಕಶ. ಪ್ರಿಂಟ್ ತೆಗೆದು, ನಾನು ಮಾತಾಡಿದ್ದಕ್ಕೆಲ್ಲ ಹಳದಿ ಹೈಲೈಟರ್, ಅವನು ಮಾತಾಡಿದ್ದಕ್ಕೆ ಹಸಿರು. ಒಂಬತ್ತು ಹಾಳೆ ಆಯಿತು, ಅಡುಗೆಮನೆ ಮೇಜಿನ ಮೇಲೆ ಹರಡಿದೆ. ನಮ್ಮ ಕಡೆ ಹೂ ಬಿಟ್ಟ ಹುಚ್ಚೆಳ್ಳು ಹೊಲ ನೋಡಿದ್ದೀರಾ, ಹಾಗೆ, ಪೂರ್ತಿ ಹಳದಿ. ನಡುವೆ ಅಲ್ಲೊಂದು ಇಲ್ಲೊಂದು ಹಸಿರು ಗೆರೆ. ಲೆಕ್ಕ ಹಾಕಿದೆ. ನಾನು ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಮಾತಾಡಿದ್ದೆ. ಇವರು ಟೀ ಹಿಡಿದುಕೊಂಡು ಬಂದು ಹಿಂದೆ ನಿಂತು ನೋಡಿ, "ಹಳದಿ ನೀನಾ?" ಅಂದರು. ಹೂಂ ಅಂದೆ. "ಗೊತ್ತಾಗುತ್ತೆ" ಅಂತ ಹೇಳಿ ಹೋದರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಆಡಿದ ಅತಿ ಚಿಕ್ಕ ವಿಮರ್ಶೆ.

ಅದಕ್ಕಿಂತ ಕೆಟ್ಟದ್ದು ಮೂರನೇ ಹಾಳೆಯಲ್ಲಿತ್ತು. ಡ್ಯಾನ್ ಹೇಳುತ್ತಾನೆ, "ಮೊದಲ ಹತ್ತು ನಿಮಿಷ ದಾಟಿದರೆ ಪರವಾಗಿಲ್ಲ, ಅದು—" ಅಷ್ಟರಲ್ಲಿ ಹಳದಿ ಶುರು. "ಮೊದಲ ಹತ್ತು ನಿಮಿಷಕ್ಕೆ ನೀನು ಏನು ಮಾಡಬೇಕು ಅಂದರೆ." ಅವನು 'ಅದು' ಅಂದಮೇಲೆ ಏನು ಹೇಳೋಕೆ ಹೊರಟಿದ್ದ? ಟೇಪಿನಲ್ಲಿ ಇಲ್ಲ. ನಾನು ಆ ವಾಕ್ಯವನ್ನು ತಿಂದುಬಿಟ್ಟಿದ್ದೆ.

ಮೇರಿ ಬಡ್ ರೋ ಅನ್ನುವ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನದ ಕ್ಲಾಸುಗಳ ಟೇಪ್ ಕೇಳಿ ಅಳೆದಿದ್ದರು. ಮೇಷ್ಟ್ರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯೋದು ಸುಮಾರು ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ಪಿಜಿಸಿಇ ಮಾಡುವಾಗಲೇ ಇದನ್ನು ಓದಿದ್ದೆ. ಮಕ್ಕಳ ಜೊತೆ ಪಾಲಿಸುತ್ತಲೂ ಇದ್ದೆ. ದೊಡ್ಡವರಿಗೂ ಮೂರು ಸೆಕೆಂಡ್ ಬೇಕು ಅಂತ ಹೊಳೆದೇ ಇರಲಿಲ್ಲ.

ಮೊದಲ ಅಸೈನ್‌ಮೆಂಟಿಗೆ 52 ಬಂತು. 50ಕ್ಕೆ ಪಾಸು. ಷರಾ ಹೀಗಿತ್ತು: ಏನಾಯಿತು ಅಂತ ಚೆನ್ನಾಗಿ ಹೇಳಿದ್ದೀರಿ, ಯಾಕೆ ಹಾಗಾಯಿತು ಅಂತ ಯಾವಾಗ ಕೇಳಿಕೊಳ್ತೀರಿ? ಎಂಎಸ್‌ಸಿಯಲ್ಲಿ ರ‍್ಯಾಂಕಿನ ಹತ್ತಿರ ಬಂದಿದ್ದ ನನಗೆ 52. ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ರೆಫರೆನ್ಸಿಂಗ್ ಗೋಳು ಬೇರೆ, ಕಾಮಾ ಎಲ್ಲಿ, ಬ್ರ್ಯಾಕೆಟ್ ಎಲ್ಲಿ ಅಂತ. ಅದನ್ನು ಬಿಡಿ, ಅದು ಎಲ್ಲರ ಗೋಳು.

ಅಕ್ಕ ಊರಿನಲ್ಲಿ ಸಿಆರ್‌ಪಿ. ಅಂದರೆ ಕ್ಲಸ್ಟರಿನ ಶಾಲೆಗಳಿಗೆಲ್ಲ ಹೋಗಿ ಮೇಷ್ಟ್ರುಗಳಿಗೆ ಬೆಂಬಲ ಕೊಡಬೇಕಾದವಳು. ಹೆಸರಿಗೆ ಸಂಪನ್ಮೂಲ ವ್ಯಕ್ತಿ. ಅವಳಿಗೆ ಈ ಹಳದಿ ಹಸಿರು ಕಥೆ ಹೇಳಿದೆ. ಮೊದಲು ಜೋರಾಗಿ ನಕ್ಕಳು. "ಸುಮ್ನೆ ಕೂತ್ಕೊಳ್ಳೋದು ಕಲಿಯೋಕೆ ಪೌಂಡಲ್ಲಿ ಫೀಸ್ ಕಟ್ಟಿದ್ಯಾ? ನನ್ನ ಕೇಳಿದ್ರೆ ಪುಕ್ಕಟೆ ಬಾಯಿ ಮುಚ್ಚಿಸ್ತಿದ್ದೆ ಕಣೆ." ಆಮೇಲೆ ಅವಳ ಪಾಡು ಹೇಳಿದಳು. ಶಾಲೆಗೆ ಹೋದರೆ ಮಕ್ಕಳ ಮಾಹಿತಿ ತುಂಬುವ ಎಸ್‌ಎಟಿಎಸ್ ಎಂಟ್ರಿ ಆಗಿದ್ಯಾ, ಬಿಸಿಯೂಟದ ಲೆಕ್ಕ ಸರಿ ಇದ್ಯಾ, ಆ ಮಾಹಿತಿ ಇವತ್ತೇ ಕಳಿಸಿ, ಈ ಮಾಹಿತಿ ನಿನ್ನೆಯೇ ಕಳಿಸಬೇಕಿತ್ತು. ಕ್ಲಾಸಿನಲ್ಲಿ ಕೂತು ಪಾಠ ನೋಡೋಕೆ ಹದಿನೈದು ನಿಮಿಷ ಸಿಕ್ಕರೆ ಹಬ್ಬ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಮೆಂಟರಿಂಗ್‌ಗೇ ಒಂದು ರಾಷ್ಟ್ರೀಯ ಮಿಷನ್ ಅಂತ ಇದೆ, ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇ ಅದನ್ನು ನೋಡಿಕೊಳ್ಳುತ್ತಿದೆ ಅಂತ ನಾನು ನನ್ನ ಓದಿನ ಜಂಬದಲ್ಲಿ ಹೇಳಿದೆ. "ಬರಲಿ, ಅದಕ್ಕೂ ಒಂದು ಫಾರ್ಮ್ಯಾಟ್ ಬರುತ್ತೆ, ತುಂಬ್ತೀನಿ" ಅಂದಳು.

ಚಳಿಗಾಲ ಪೂರ್ತಿ ಅಕ್ಕನ ಮೇಲೇ ಅಭ್ಯಾಸ ಮಾಡಿದೆ. ಅವಳಿಗೆ ಹೇಳದೆ. ಎಥಿಕ್ಸ್ ಫಾರಮ್ಮಿನವರಿಗೆ ಗೊತ್ತಾದರೆ ಏನಂತಾರೋ. ವಾರದ ಕೊನೆಯಲ್ಲಿ ಫೋನ್ ಮಾಡಿ, "ಅದರ ಬಗ್ಗೆ ನಿನಗೇನನ್ನಿಸುತ್ತೆ?" "ನಿನಗೆ ಮುಖ್ಯ ಅನ್ನಿಸೋದು ಯಾವುದು?" ಅಂತೆಲ್ಲ ಕೋರ್ಸಿನ ಪ್ರಶ್ನೆಗಳನ್ನು ಕನ್ನಡಕ್ಕೆ ಮಾಡಿ ಕೇಳುತ್ತಿದ್ದೆ. ಮೂರನೇ ಸಲಕ್ಕೆ ಸಿಕ್ಕಿಬಿದ್ದೆ. "ಏನೇ ಆಗಿದೆ ನಿಂಗೆ, ಟಿವಿ ಆಂಕರ್ ಥರ ಮಾತಾಡ್ತೀಯಲ್ಲ?" ಅಂದಳು.

ಅವಳು ಹೇಳಿದ್ದು ಸರಿ. ಆ ಪ್ರಶ್ನೆಗಳು ಕನ್ನಡದಲ್ಲಿ ಬೇಯೋದೇ ಇಲ್ಲ. ನಮ್ಮಲ್ಲಿ ಇದಕ್ಕೆ ಬೇರೆಯದೇ ಒಂದು ಸಾಮಾನು ಇದೆ ಅಂತ ಆಮೇಲೆ ನೆನಪಾಯಿತು. ಅಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟಬೇಕಿತ್ತು. ಹೂಂ ಅನ್ನದಿದ್ದರೆ ಅಜ್ಜಿ ಕಥೆ ನಿಲ್ಲಿಸಿಬಿಡುತ್ತಿದ್ದರು. ಜಾಗ ತಪ್ಪಿ ಹೂಂ ಅಂದರೂ ಸಿಕ್ಕಿಬೀಳುತ್ತಿದ್ದೆವು, "ರಾಜ ಸತ್ತ ಅಂದ್ರೆ ಹೂಂ ಅಂತೀಯಲ್ಲೇ" ಅಂತ. ಕೋರ್ಸಿನಲ್ಲಿ ಇದಕ್ಕೇ 'ಗಮನವಿಟ್ಟು ಆಲಿಸುವಿಕೆ' ಅನ್ನೋ ಥರದ ದೊಡ್ಡ ಹೆಸರು. ಇನ್ನೊಂದು, ನಮ್ಮ ಭಾಷೆಯಲ್ಲಿ ಪ್ರಶ್ನೆ ಕೇಳೋದಕ್ಕೂ ಕೇಳು ಅನ್ನುತ್ತೇವೆ, ಕಿವಿಗೊಡೋದಕ್ಕೂ ಕೇಳು ಅನ್ನುತ್ತೇವೆ. ಇದನ್ನು ಒಂದು ಗುರುವಾರ ಆನ್‌ಲೈನ್ ಕ್ಲಾಸಿನಲ್ಲಿ ಹೇಳಿದೆ. ಟ್ಯೂಟರ್ ಪೆನ್ನು ತೆಗೆದುಕೊಂಡು ಬರೆದುಕೊಂಡರು. 52ರ ಗಾಯಕ್ಕೆ ಸ್ವಲ್ಪ ಮುಲಾಮು.

ಅಕ್ಕನ ಜೊತೆ ಪ್ರಶ್ನೆ ನಿಲ್ಲಿಸಿ ಬರೀ "ಹೂಂ" ಮತ್ತು "ಆಮೇಲೆ?" ಮಾತ್ರ ಇಟ್ಟುಕೊಂಡೆ. ಅವತ್ತು ಅವಳು ಐವತ್ತು ನಿಮಿಷ ಮಾತಾಡಿದಳು.

ಮಾರ್ಚಿನಲ್ಲಿ ಎರಡನೇ ಮಾಡ್ಯೂಲಿಗೆ ಡ್ಯಾನ್ ಜೊತೆ ಮತ್ತೆ ರೆಕಾರ್ಡಿಂಗ್. ಜಾಗ ಸೈನ್ಸ್ ಪ್ರೆಪ್ ರೂಮು, ಅಂದರೆ ಪ್ರಯೋಗದ ಸಾಮಾನು ಸಿದ್ಧ ಮಾಡುವ ಕೋಣೆ, ಏಕೆಂದರೆ ಬೇರೆ ಎಲ್ಲೂ ಖಾಲಿ ಇರಲಿಲ್ಲ. ಇನ್ನೂ ಗುರುವಾರದ ಐದನೇ ಪೀರಿಯಡ್ ಕಥೆಯೇ. ಸೀಟಿಂಗ್ ಪ್ಲಾನ್ ಮೂರು ಸಲ ಬದಲಾಗಿತ್ತು, ಫಲ ಸೊನ್ನೆ. ಈ ಸಲ ನಾನು ಒಂದೇ ಕೇಳಿದೆ. "ಬಾಗಿಲು ತೆಗೆಯುವ ಮುಂಚೆ ಏನಾಗುತ್ತೆ, ಹೇಳು."

ಅವನು ಸುಮ್ಮನಾದ. ನಾನೂ ಸುಮ್ಮನಾದೆ. ಫ್ರಿಜ್ಜಿನ ಸದ್ದು. ಸಿಂಕಿನಲ್ಲಿ ಬೀಕರುಗಳು, ಅದರ ಮೇಲೆ ನಲ್ಲಿಯ ಹನಿ. ನನ್ನ ನಾಲಿಗೆಯ ತುದಿಯಲ್ಲಿ ಮೂರು ಸಲಹೆ ಬಂದು ನಿಂತಿದ್ದವು, ಕಾಲ್ಬೆರಳನ್ನು ಶೂ ಒಳಗೆ ಒತ್ತಿಕೊಂಡು ಕೂತೆ. ಆಮೇಲೆ ಟೇಪಿನಲ್ಲಿ ಅಳೆದರೆ ಅದು ಹನ್ನೊಂದು ಸೆಕೆಂಡ್. ಅಲ್ಲಿ ಕೂತಾಗ ರಾಹುಕಾಲ ಪೂರ್ತಿ ಕಳೆದ ಹಾಗಿತ್ತು.

"ಮುಂಚೆ ನಾನು ಅಲ್ಲಿ ಇರೋದೇ ಇಲ್ಲ" ಅಂದ.

ಗುರುವಾರ ನಾಲ್ಕನೇ ಪೀರಿಯಡ್ ಅವನಿಗೆ ಮೈದಾನದ ಆ ಕಡೆಯ ಕಟ್ಟಡದಲ್ಲಿ. ಅಲ್ಲಿ ಸಾಮಾನು ಎತ್ತಿಟ್ಟು, ಊಟದ ಡ್ಯೂಟಿ ಮುಗಿಸಿ, ಈ ಕಡೆ ಬರುವಷ್ಟರಲ್ಲಿ ಮೂವತ್ತು ಮಕ್ಕಳು ನಾಲ್ಕೈದು ನಿಮಿಷದಿಂದ ಕಾರಿಡಾರಿನಲ್ಲಿ ಒಬ್ಬರನ್ನೊಬ್ಬರು ತಳ್ಳಾಡುತ್ತಾ ನಿಂತಿರುತ್ತಾರೆ. ಬೋರ್ಡ್ ಖಾಲಿ, ಪುಸ್ತಕ ಹಂಚಿಲ್ಲ, ಅವನಿಗೆ ಏದುಸಿರು. ಅವನು ಹೇಳಿದ ಇನ್ನೊಂದು ಮಾತು, ಬುಧವಾರ ರಾತ್ರಿಯಿಂದಲೇ ಹೊಟ್ಟೆ ತೊಳಸುತ್ತೆ ಅಂತ. ಆರು ತಿಂಗಳು ಸೀಟಿಂಗ್ ಪ್ಲಾನ್ ಅಂತ ಬಡಿದುಕೊಂಡಿದ್ದೆನಲ್ಲ ನಾನು! ತೊಂದರೆ ಇದ್ದದ್ದು ಟೈಮ್‌ಟೇಬಲ್ಲಿನಲ್ಲಿ. "ಯಾಕೆ ಮೊದಲೇ ಹೇಳಲಿಲ್ಲ?" ಅಂತ ಕೇಳಬೇಕು ಅಂದುಕೊಂಡೆ, ಮೂರನೇ ಹಾಳೆ ನೆನಪಾಯಿತು, ಸುಮ್ಮನಾದೆ. ಅವನು ಅಕ್ಟೋಬರಿನಲ್ಲೇ ಹೇಳೋಕೆ ಹೊರಟಿದ್ದ.

ಏನು ಮಾಡೋದು ಅಂತಲೂ ಅವನೇ ಯೋಚಿಸಿದ. ಪಕ್ಕದ ಲ್ಯಾಬಿನವರ ಜೊತೆ ಡ್ಯೂಟಿ ಬದಲಾಯಿಸಿಕೊಂಡ, ಲ್ಯಾಬ್ ಟೆಕ್ನಿಷಿಯನ್ನಿಗೆ ಹೇಳಿ ಪುಸ್ತಕ ಮೊದಲೇ ಇಡಿಸಿದ. ಆ ಕ್ಲಾಸು ಬಂಗಾರ ಆಯಿತು ಅಂತ ಹೇಳಲಾರೆ. ಒಂಬತ್ತನೇ ಇಯರಿನ ಮಕ್ಕಳು ಮಧ್ಯಾಹ್ನದ ಮೇಲೆ ಯಾವ ದೇಶದಲ್ಲೂ ಬಂಗಾರ ಅಲ್ಲ. ಆದರೆ ಬುಧವಾರ ರಾತ್ರಿ ನಿದ್ದೆ ಬರುತ್ತಿದೆ ಅಂದ.

ಇಷ್ಟು ಓದಿ ಇನ್ನು ಮೇಲೆ ಯಾರಿಗೂ ಏನೂ ಹೇಳಲೇಬಾರದು, ಬರೀ ಕೇಳಬೇಕು ಅಂತ ಅಂದುಕೊಳ್ಳಬೇಡಿ. ನನಗೂ ಹಾಗೆ ಹುಚ್ಚು ಹಿಡಿದಿತ್ತು, ಏಪ್ರಿಲಿನಲ್ಲಿ ಇಳಿಯಿತು. ಡ್ಯಾನ್ ಸೋಡಿಯಂ ಡೆಮೊ ತಯಾರಿ ಮಾಡುತ್ತಿದ್ದ. ನೀರಿಗೆ ಸೋಡಿಯಂ ಹಾಕಿ ತೋರಿಸುವುದು, ಮಕ್ಕಳಿಗೆ ಭಾರಿ ಇಷ್ಟ. ಹಾಕಬೇಕಾದ ತುಂಡು ಅಕ್ಕಿ ಕಾಳಿನಷ್ಟು. ನಾನು ಪ್ರೆಪ್ ರೂಮಿಗೆ ಹೋದಾಗ ಅವನು ಚಾಕುವಿನಲ್ಲಿ ಕತ್ತರಿಸಿ ಇಟ್ಟಿದ್ದು ಅವರೆಕಾಳಿನಷ್ಟಿತ್ತು, ಸೇಫ್ಟಿ ಸ್ಕ್ರೀನ್ ಇನ್ನೂ ಕಪಾಟಿನಲ್ಲೇ ಇತ್ತು. ಆಗ "ಇದರ ಬಗ್ಗೆ ನಿನಗೇನನ್ನಿಸುತ್ತೆ" ಅಂತ ಹನ್ನೊಂದು ಸೆಕೆಂಡ್ ಕಾಯೋಕಾಗುತ್ತಾ? "ನಿಲ್ಲಿಸು, ಅದನ್ನು ಎಣ್ಣೆಗೆ ವಾಪಸ್ ಹಾಕು" ಅಂದೆ. ಜೋರಾಗೇ ಅಂದೆ. ಸ್ಕ್ರೀನ್ ತೆಗೆದು ಮಕ್ಕಳಿಗೂ ನಮಗೂ ನಡುವೆ ಹೇಗಿಡಬೇಕು ಅಂತ ತೋರಿಸಿದೆ, ಶಾಲೆಗಳ ವಿಜ್ಞಾನ ಸುರಕ್ಷತೆಗೆ ಅಂತಲೇ ಇರುವ ಕ್ಲೀಪ್ಸ್ ಸಂಸ್ಥೆಯ ಸೂಚನೆಯನ್ನು ಅವನ ಎದುರಿಗೇ ತೆರೆದು ಓದಿಸಿದೆ. ಅವನ ಮುಖ ಸಪ್ಪೆಯಾಯಿತು. ಆಗಲಿ.

ಎರಡನೇ ಅಸೈನ್‌ಮೆಂಟನ್ನು ಬರೆದದ್ದು ಇದರ ಮೇಲೇ, ಹನ್ನೊಂದು ಸೆಕೆಂಡು ಮತ್ತು ಅವರೆಕಾಳು. ಯಾವಾಗ ಸುಮ್ಮನಿರಬೇಕು, ಯಾವಾಗ ಹೇಳಿಬಿಡಬೇಕು ಅನ್ನೋದು ನನಗೆ ನಿಜವಾಗಿ ಗೊತ್ತಾಯಿತಾ ಅಂತ 4,500 ಪದ. ಕೆಲವರು ಮೆಂಟರಿಂಗ್ ಅಂದರೆ ಹೇಳೋದು, ಕೋಚಿಂಗ್ ಅಂದರೆ ಕೇಳೋದು ಅಂತ ಗೆರೆ ಎಳೆಯುತ್ತಾರೆ. ಕಾಗದದ ಮೇಲೆ ಆ ಗೆರೆ ನೆಟ್ಟಗಿದೆ. ಪ್ರೆಪ್ ರೂಮಿನಲ್ಲಿ ಒಂದೇ ಅರ್ಧ ಗಂಟೆಯಲ್ಲಿ ಹತ್ತು ಸಲ ಆ ಕಡೆ ಈ ಕಡೆ ದಾಟಬೇಕಾಗುತ್ತೆ. 66 ಬಂತು. ಹಳದಿ ಹಸಿರು ಮತ್ತೆ ಹಚ್ಚಿ ನೋಡಿದ್ದೆ, ಈ ಸಲ ಹೆಚ್ಚುಕಮ್ಮಿ ಅರ್ಧರ್ಧ. ಹಳದಿಯಲ್ಲಿ ನಲವತ್ತಕ್ಕಿಂತ ಜಾಸ್ತಿ ಬರೀ 'ಹೂಂ'.

ಸರ್ಟಿಫಿಕೇಟ್ ಅಂಚೆಯಲ್ಲಿ ಬಂದ ವಾರ ಅಕ್ಕ ಫೋನ್ ಮಾಡಿದಳು. ಅವಳ ಸಿಆರ್‌ಪಿ ಅವಧಿ ಮುಗಿಯುತ್ತಾ ಬಂದಿತ್ತು, ಕೌನ್ಸೆಲಿಂಗಿನಲ್ಲಿ ಶಾಲೆ ಆರಿಸಿಕೊಳ್ಳಬೇಕಿತ್ತು. ಮನೆ ಹತ್ತಿರದ್ದಾ, ಇಬ್ಬರೇ ಮೇಷ್ಟ್ರಿರುವ ದೂರದ ಶಾಲೆಯಾ. ನಾನು ಹೂಂ ಅಂದೆ. ಅವಳು ಹೇಳಿದಳು. ಮತ್ತೆ ಹೂಂ ಅಂದೆ. ಇಪ್ಪತ್ತು ನಿಮಿಷ ಆದಮೇಲೆ ಆ ಕಡೆ ತಾಳ್ಮೆ ಮುಗಿಯಿತು.

"ಲೇ, ನಿನ್ನ ಸರ್ಟಿಫಿಕೇಟನ್ನ ಗೋಡೆಗೆ ಹಾಕ್ಕೋ. ಮಂಡಿ ನೋವು ಇಟ್ಕೊಂಡು ದಿನಾ ಎರಡು ಬಸ್ ಹತ್ತಲಾ ಬೇಡ್ವಾ, ಹೇಳು."

"ಬೇಡ ಅಕ್ಕ, ಹತ್ತಿರದ್ದೇ ತಗೋ" ಅಂದೆ.

ಅವಳು ದೂರದ್ದನ್ನು ತಗೊಂಡಳು.